ಹಣೆಯ ಹಿಂದಿನ ದುಡಿಮೆ



ಮನುಷ್ಯನ ಮನಸ್ಸು ದುಡಿಯುತ್ತಿರುವಾಗ ಆ ದುಡಿಮೆಯನ್ನು ಹೊರಗೆ ನಿಂತು ಕಾಣಬಹುದೆ, ಕಂಡದ್ದನ್ನು ಅಳೆಯಬಹುದೆ, ಅಳೆದ ಮೇಲೆ ಆ ಅಳತೆಯ ಬಲದಿಂದ ಆ ಮನುಷ್ಯನ ವಿಷಯದಲ್ಲಿ ಏನನ್ನು ಹೇಳುವುದು ನ್ಯಾಯ, ಏನನ್ನು ಹೇಳುವುದು ಅನ್ಯಾಯ ಎಂಬ ಪ್ರಶ್ನೆಗಳನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಇಂಥ ವಿಚಾರವನ್ನು ಬಾನುಲಿಯಲ್ಲಿ ಆಡುವುದಕ್ಕೆ ಒಂದು ಔಚಿತ್ಯವೂ ಉಂಟು. ಕನ್ನಡನಾಡಿಗೆ ಬಾನುಲಿಯನ್ನು ತಂದವರು ಯಂತ್ರಶಾಸ್ತ್ರಜ್ಞರಲ್ಲ, ಮನಶ್ಶಾಸ್ತ್ರದ ಅಧ್ಯಾಪಕರು. ಬುದ್ಧಿಯನ್ನು ಅಳೆಯುವ ಶಾಸ್ತ್ರಕ್ಕೆ ಬುನಾದಿ ಹಾಕಿದ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಲಂಡನ್ನಿನಲ್ಲಿ ವ್ಯಾಸಂಗಮಾಡಿ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವಿಭಾಗವನ್ನು ಬೆಳೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರಕೇಂದ್ರವೊಂದನ್ನು ನಡೆಸತೊಡಗಿದರು. ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತದ್ದು ಆ ಕೇಂದ್ರ. ಮುಂದೆ ಆ ಹೆಸರು ದೇಶದ ಬಾನುಲಿಗೆಲ್ಲ ಸಂದಿತು. ಆದುದರಿಂದ ಮನಸ್ಸಿನ ಅಳತೆಯ ಮಾತನ್ನು ಈ ಮಾಧ್ಯಮದಲ್ಲಿ ಎತ್ತುವವನು ಪರಸ್ಥಳದವನೆಂದು ಸಂಕೋಚಪಡಬೇಕಾಗಿಲ್ಲ.

ಮನಸ್ಸಿನ ಸಕಲ ವ್ಯಾಪಾರಗಳನ್ನೂ ಇಲ್ಲಿ ಹೇಳಲು ಹೊರಟವನಲ್ಲ ನಾನು. ನಾನು ಆರಿಸಿಕೊಂಡಿರುವುದು ಒಂದೇ ಶಕ್ತಿಯನ್ನು: ಒಂದು ಸಂಗತಿಯನ್ನು ಕೆಲವು ಕ್ಷಣಗಳ ಮಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಹಿಡಿದಿರುವಾಗಲೇ ಅದರ ಮೇಲೆ ಮತ್ತೊಂದು ಕೆಲಸವನ್ನು ನಡೆಸುವ ಶಕ್ತಿ. ಮನಶ್ಶಾಸ್ತ್ರಜ್ಞರು ಇದನ್ನು ಕಾರ್ಯಸ್ಮೃತಿಯೆಂದು ಕರೆಯುತ್ತಾರೆ. ಹಿಂದಿನ ಕಾಲದ ಶಾಲೆಗಳಲ್ಲಿ ಬಾಯಿಲೆಕ್ಕವೆಂಬುದೊಂದಿತ್ತು. ಹದಿನೇಳಾರಲೆ ಎಷ್ಟೆಂದು ಮೇಷ್ಟ್ರು ಕೇಳಿದರೆ, ಆರೇಳಲೆ ನಲವತ್ತೆರಡು ಎಂಬುದು ಮಗ್ಗಿಯಿಂದ ತಾನಾಗಿ ಬರುತ್ತಿತ್ತು. ಅದು ಹಳೆಯ ಸ್ಮೃತಿಭಂಡಾರದ ಸಂಪತ್ತು. ಆದರೆ ಆ ನಲವತ್ತೆರಡರಲ್ಲಿ ಎರಡನ್ನು ಇಟ್ಟು, ನಾಲ್ಕನ್ನು ದಶಕವಾಗಿ ಹಿಡಿದು, ಆರೊಂದಲೆ ಆರಕ್ಕೆ ಆ ನಾಲ್ಕನ್ನು ಕೂಡಿಸಿ ಹತ್ತೆಂದು ಮಾಡಿ, ಮೊದಲು ಇಟ್ಟಿದ್ದ ಎರಡನ್ನು ಮರೆಯದೆ ಕೊನೆಗೆ ನೂರ ಎರಡು ಎಂದು ಉತ್ತರ ಹೇಳುವವರೆಗೆ ಬಾಲಕನ ಹಣೆಯ ಹಿಂದೆ ನಡೆದ ಹಿಡಿಯುವ, ಬಿಡುವ, ಕೂಡಿಸುವ ವ್ಯವಹಾರವಿದೆಯಲ್ಲ, ಅದೇ ಕಾರ್ಯಸ್ಮೃತಿ. ಮಗ್ಗಿ ಬಂದವನಿಗೂ ದಶಕ ತಪ್ಪುವುದುಂಟು; ಏಕೆಂದರೆ ಮಗ್ಗಿ ಇರುವ ಸ್ಥಾನ ಬೇರೆ, ದಶಕವನ್ನು ಹಿಡಿಯುವ ಸ್ಥಾನ ಬೇರೆ.

ಈ ಶಕ್ತಿ ಎಷ್ಟು ಉಪಯುಕ್ತವೋ ಅಷ್ಟೇ ಸಂಕುಚಿತವಾದುದೆಂಬುದನ್ನು ನೋಡಬೇಕಾದರೆ ನಮ್ಮ ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆಯ ಮೇಲೆ ಬೆಳಗಿನ ಬಸ್ಸಿನಲ್ಲಿ ಪೇಟೆಯ ಕಡೆಗೆ ಹೊರಡಬೇಕು. ಸುಂಕದಕಟ್ಟೆಯನ್ನು ಮುಟ್ಟುವಷ್ಟರಲ್ಲಿ ಬಸ್ಸು ಕಿಕ್ಕಿರಿದಿರುತ್ತದೆ. ಯಾರು ಎಲ್ಲಿ ಹತ್ತಿದರು, ಯಾರಿಗೆ ಟಿಕೆಟ್ಟಾಯಿತು, ಯಾರಿಗಾಗಲಿಲ್ಲ, ಯಾರು ಎಷ್ಟು ಕೊಟ್ಟರು ಎಂಬುದನ್ನೆಲ್ಲ ಕಂಡಕ್ಟರು ಮನಸ್ಸಿನಲ್ಲಿಯೇ ನಿರ್ವಹಿಸುತ್ತ ಜನರ ನಡುವೆ ನುಸುಳುತ್ತಾನೆ. ಆದರೆ ಚಿಲ್ಲರೆಯ ಪ್ರಸಂಗ ಬಂದೊಡನೆ ಅವನು ತನ್ನ ಮನಸ್ಸನ್ನು ನಂಬುವುದಿಲ್ಲ. ಟಿಕೆಟ್ಟಿನ ಬೆನ್ನಿನ ಮೇಲೆ ಬಾಕಿಯನ್ನು ಗೀಚಿ, ‘ಇಳಿಯೋವಾಗ ಇಸ್ಕೊಳ್ಳಿ ಸಾರ್’ ಎಂದು ನಮ್ಮ ಕೈಗೇ ಕೊಟ್ಟು ಮುಂದಕ್ಕೆ ಹೋಗುತ್ತಾನೆ. ಇದನ್ನು ಲೋಭವೆಂದೋ ಉದಾಸೀನವೆಂದೋ ಬಗೆದು ಗೊಣಗುವವರುಂಟು. ನನಗಾದರೋ ಅದು ಮನುಷ್ಯಮನಸ್ಸಿನ ಮಿತಿಯನ್ನು ಯಾವ ಗ್ರಂಥವನ್ನೂ ಓದದೆ ಅರಿತುಕೊಂಡವನ ವಿವೇಕವೆಂದು ತೋರುತ್ತದೆ. ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಕ್ಷಣಿಕ ಸ್ಮೃತಿಯ ಹಿಡಿತ ಏಳು, ಅದಕ್ಕೆ ಎರಡು ಹೆಚ್ಚು ಅಥವಾ ಎರಡು ಕಡಮೆ ಎಂದು ನಿರ್ಣಯಿಸಿದರು. ಅವರ ತರುವಾಯದವರು ಅದನ್ನು ಇನ್ನೂ ಇಳಿಸಿ ನಾಲ್ಕರ ಆಸುಪಾಸಿಗೆ ತಂದಿದ್ದಾರೆ. ನಿಂತಿರುವ ಪ್ರಯಾಣಿಕರು ಅರುವತ್ತು ಜನ, ಹಿಡಿತ ನಾಲ್ಕು. ಲೇಖನಿಯಲ್ಲದೆ ಗತಿಯೇನು?

ಹಾಗಾದರೆ ಅವಧಾನಿಗಳ ಪವಾಡಕ್ಕೆ ಏನು ಹೇಳೋಣ ಎಂದು ತಾವು ಕೇಳಬಹುದು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಎಂಟು ಬಗೆಯ ಸವಾಲನ್ನು ಒಡ್ಡುತ್ತಾರೆ. ಒಬ್ಬರು ಪದ್ಯದ ಅಕ್ಷರ ಅಕ್ಷರಕ್ಕೂ ಅಡ್ಡಬಂದು ಇದು ಕೂಡದು, ಅದು ಕೂಡದು ಎಂದು ನಿಷೇಧಿಸುತ್ತಾರೆ. ಒಬ್ಬರು ಅಸಂಬದ್ಧವಾದ ಸಮಸ್ಯೆಯ ಸಾಲನ್ನಿತ್ತು ಪೂರಣಮಾಡೆನ್ನುತ್ತಾರೆ. ಒಬ್ಬರು ಸಂಖ್ಯಾಬಂಧದ ಚೌಕದಲ್ಲಿ ತಮಗೆ ತೋಚಿದ ಮನೆಯ ಸಂಖ್ಯೆಯನ್ನು ತೋಚಿದ ಹೊತ್ತಿನಲ್ಲಿ ಕೇಳುತ್ತಾರೆ. ಅಪ್ರಸ್ತುತಪ್ರಸಂಗಿಯಂತೂ ನಡುನಡುವೆ ತಲೆಹರಟೆಯ ಪ್ರಶ್ನೆಗಳಿಂದ ಮನಸ್ಸನ್ನು ಕದಡುವುದನ್ನೇ ವ್ರತವಾಗಿ ಹಿಡಿದಿರುತ್ತಾರೆ. ಅವಧಾನಿಯಾದವನು ಒಂದೊಂದು ಸುತ್ತಿಗೆ ಒಂದೊಂದು ಪಾದವನ್ನು ರಚಿಸುತ್ತ, ಯಾವುದನ್ನೂ ಬರೆದುಕೊಳ್ಳದೆ, ಕೊನೆಗೆ ಧಾರಣೆಯಲ್ಲಿ ಇಡಿಯ ಪದ್ಯಗಳನ್ನು ಒಪ್ಪಿಸಬೇಕು. ಈ ಕಲೆಗೆ ನಮ್ಮ ಕಾಲದಲ್ಲಿ ಹೊಸ ಜೀವವನ್ನು ಕೊಟ್ಟ ಶತಾವಧಾನಿ ಡಾ. ಆರ್. ಗಣೇಶರು ಸಾವಿರಕ್ಕೂ ಮೀರಿ ಅವಧಾನಗಳನ್ನು ನಡೆಸಿರುವುದು ಕನ್ನಡಿಗರಿಗೆಲ್ಲ ತಿಳಿದ ವಿಷಯ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಉತ್ತರ ಹೇಳಿದರು. ಆದರೆ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ನರು ಅದೇ ಶಕುಂತಲಾದೇವಿಯವರನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೀಪ ಬೆಳಗಿದೊಡನೆ ಗುಂಡಿಯನ್ನೊತ್ತುವಂಥ ಸರಳ ಕೆಲಸಗಳಲ್ಲಿ ಅವರ ವೇಗ ಅಸಾಮಾನ್ಯವಾಗಿರಲಿಲ್ಲವೆಂಬುದು ಕಂಡುಬರುತ್ತದೆ. ಅಂದಮೇಲೆ ಮಹಾಸಾಧಕರ ಮೇಲ್ಮೆ ಇರುವುದು ಪಾತ್ರೆಯ ಗಾತ್ರದಲ್ಲಲ್ಲ. ಬಿಡಿಬಿಡಿಯಾದ ಹತ್ತನ್ನು ಒಂದು ಗಂಟಾಗಿ ಕಟ್ಟುವ ಅಭ್ಯಾಸಬಲದಲ್ಲಿ. ಛಂದಸ್ಸಿನ ಲಯ ಅವಧಾನಿಗೆ ಅಂಥದೊಂದು ಕಟ್ಟು.

ಈ ಶಕ್ತಿಯನ್ನು ಪ್ರಯೋಗಶಾಲೆಯಲ್ಲಿ ಕೆಣಕುವ ವಿಧಾನವೊಂದುಂಟು. 1958ರಷ್ಟು ಹಿಂದೆಯೇ ವೇಯ್ನ್ ಕರ್ಚ್ನರ್ ಎಂಬವರು ಬಳಸಿದ ಈ ವಿಧಾನವನ್ನು ತಾವು ಕುಳಿತಲ್ಲಿಯೇ ಪರೀಕ್ಷಿಸಿ ನೋಡಬಹುದು. ನಾನು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತೇನೆ. ಈಗ ಕೇಳಿದ ಅಕ್ಷರ ಅದಕ್ಕೆ ಎರಡು ಸ್ಥಾನ ಹಿಂದೆ ಕೇಳಿದ ಅಕ್ಷರವೇ ಆಗಿದ್ದರೆ ಮಾತ್ರ ತಾವು ಬೆರಳೆತ್ತಬೇಕು. ಕ, ಮ, ಕ, ತ, ಪ, ತ, ಲ. ಮೂರನೆಯದಾದ ಕಕಾರಕ್ಕೂ ಆರನೆಯದಾದ ತಕಾರಕ್ಕೂ ಬೆರಳು ಎದ್ದಿದ್ದರೆ ತಾವು ಉತ್ತೀರ್ಣರಾದಿರಿ. ಒಂದು ಸ್ಥಾನ ಹಿಂದಿನದನ್ನು ಹೋಲಿಸುವುದು ಮಕ್ಕಳಾಟ. ಎರಡಾದರೆ ಗಮನ ಬೇಕು. ಮೂರಾದರೆ ಹುಬ್ಬು ಗಂಟಿಕ್ಕುತ್ತದೆ. ಹೀಗೆ ಭಾರವನ್ನು ಮೆಟ್ಟಲುಮೆಟ್ಟಲಾಗಿ ಏರಿಸಬಹುದಾದ್ದರಿಂದಲೇ ಮಿದುಳನ್ನು ಅಳೆಯುವವರಿಗೆ ಈ ಪರೀಕ್ಷೆ ಪ್ರಿಯವಾಗಿದೆ. ಹೊರೆ ಹೆಚ್ಚಿದಂತೆ ಮಿದುಳಿನಲ್ಲಿ ಏನು ಹೆಚ್ಚುತ್ತದೆ ಎಂದು ನೋಡಿದರಾಯಿತಷ್ಟೆ.

ಏನು ಹೆಚ್ಚುತ್ತದೆ ಎಂಬುದಕ್ಕೆ ಮೊದಲ ಸೂಚನೆ ಸಿಕ್ಕಿದ್ದು ಇಟಲಿಯಲ್ಲಿ. 1880ರ ಸುಮಾರಿನಲ್ಲಿ ಆಂಜೆಲೊ ಮೋಸ್ಸೊ ಎಂಬ ಶರೀರಶಾಸ್ತ್ರಜ್ಞರು, ಪೆಟ್ಟುಬಿದ್ದು ತಲೆಬುರುಡೆಯಲ್ಲಿ ಕಿಂಡಿಯಾಗಿದ್ದ ಬೆರ್ಟಿನೊ ಎಂಬ ರೈತನ ಮಿದುಳಿನ ಮಿಡಿತವನ್ನು ಆ ಕಿಂಡಿಯ ಮೂಲಕ ದಾಖಲಿಸುತ್ತಿದ್ದರು. ನಡುಹಗಲಿನ ಇಗರ್ಜಿಯ ಗಂಟೆ ಬಾರಿಸಿದರೆ, ಅಥವಾ ಒಂದು ಗುಣಾಕಾರವನ್ನು ಮಾಡೆಂದರೆ, ಕೈಯ ನಾಡಿ ಇದ್ದ ಹಾಗೆಯೇ ಇದ್ದು ಮಿದುಳಿನ ಮಿಡಿತ ಮಾತ್ರ ಉಬ್ಬಿತು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಾದ ಮಿದುಳು ದೇಹವು ವಿರಮಿಸಿರುವಾಗಲೂ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಬಳಸುತ್ತದೆ. ಅದರ ಯಾವ ಭಾಗ ಹೆಚ್ಚು ದುಡಿಯುವುದೋ ಆ ಭಾಗಕ್ಕೆ ರಕ್ತ ಹೆಚ್ಚಾಗಿ ನುಗ್ಗುತ್ತದೆ. ನುಗ್ಗುವ ರಕ್ತ ಆ ಭಾಗದ ತತ್ಕಾಲದ ಅವಶ್ಯಕತೆಯನ್ನೂ ಮೀರುವುದರಿಂದ ಅಲ್ಲಿ ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಏರಿ, ಆಮ್ಲಜನಕವನ್ನು ಇಳಿಸಿದ ಹಿಮೋಗ್ಲೋಬಿನ್ ತಗ್ಗುವುದು. ಕಾರ್ಯಸ್ಮೃತಿಯ ಮಟ್ಟಿಗೆ ಈ ದುಡಿಮೆಯ ಮುಖ್ಯ ಸ್ಥಾನಗಳಲ್ಲೊಂದು ಮಿದುಳಿನ ಮುಂಭಾಗ, ಎಂದರೆ ನಮ್ಮ ಹಣೆಯ ಹಿಂಬದಿ. 1971ರಲ್ಲಿ ವಾಕೀನ್ ಫುಸ್ಟರ್ ಮತ್ತು ಅವರ ಸಹಕಾರಿಯೊಬ್ಬರು, ಕೋತಿಯೊಂದು ತಿಂಡಿಯನ್ನು ಯಾವ ಕಡೆ ಬಚ್ಚಿಟ್ಟರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಕಾಯುತ್ತಿರುವ ಅವಧಿಯುದ್ದಕ್ಕೂ ಈ ಭಾಗದ ಕೆಲವು ನರಕೋಶಗಳು ಎಡೆಬಿಡದೆ ಮಿಡಿಯುವುದನ್ನು ತೋರಿಸಿಕೊಟ್ಟರು.

ತಲೆಬುರುಡೆಯಲ್ಲಿ ಕಿಂಡಿಯಿಲ್ಲದ ನಮ್ಮಂಥವರ ಮಿದುಳಿನ ರಕ್ತವನ್ನು ಕಾಣುವುದು ಹೇಗೆ? ಬೆಳಕಿನಿಂದ ಸಾಧ್ಯವೆಂದು ತೋರಿಸಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಫ್ರಾನ್ಸ್ ಯೋಬ್ಸಿಸ್. ಅವರ ಸ್ವಂತ ಮಾತಿನ ಪ್ರಕಾರ 1976ರ ಡಿಸೆಂಬರಿನಲ್ಲಿ, ಊಟದ ಮಾಂಸದಿಂದ ಬೇರ್ಪಟ್ಟ ಒಂದು ಚಪ್ಪಟೆ ಎಲುಬನ್ನು ದೀಪಕ್ಕೆ ಹಿಡಿದಾಗ ಅದರ ಮೂಲಕ ಕೆಂಪು ಬೆಳಕು ತೂರಿಬರುವುದನ್ನು ಕಂಡು, ಎಲುಬನ್ನು ಕೆಂಬೆಳಕು ದಾಟುವುದಾದರೆ ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಅವಕೆಂಪು ಕಿರಣ ಇನ್ನೂ ಸುಲಭವಾಗಿ ದಾಟಬೇಕಲ್ಲವೆ ಎಂಬ ಆಲೋಚನೆ ಅವರಿಗೆ ಬಂದಿತು. ಮರುವರ್ಷವೇ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. 650ರಿಂದ 900 ನ್ಯಾನೊಮೀಟರ್‌ವರೆಗಿನ ತರಂಗದೂರದ ಬೆಳಕನ್ನು ನೀರೂ ಅಷ್ಟಾಗಿ ಹೀರುವುದಿಲ್ಲ, ಚರ್ಮವೂ ಎಲುಬೂ ಅಷ್ಟಾಗಿ ತಡೆಯುವುದಿಲ್ಲ. ಹೀರುವುದು ವಿಶೇಷವಾಗಿ ಹಿಮೋಗ್ಲೋಬಿನ್. ಅದರಲ್ಲಿಯೂ ಒಂದು ಸೊಗಸಾದ ಭೇದವಿದೆ: ಸುಮಾರು 800 ನ್ಯಾನೊಮೀಟರಿಗಿಂತ ಕೆಳಗೆ ಆಮ್ಲಜನಕವನ್ನು ಇಳಿಸಿದ ಹಿಮೋಗ್ಲೋಬಿನ್ ಹೆಚ್ಚು ಹೀರುವುದು, ಮೇಲೆ ಆಮ್ಲಜನಕವನ್ನು ಹೊತ್ತದ್ದು ಹೆಚ್ಚು ಹೀರುವುದು. ಆದುದರಿಂದ ಎರಡು ತರಂಗದೂರದ ಬೆಳಕನ್ನು ಹಾಯಿಸಿ, ಎರಡೂ ಎಷ್ಟೆಷ್ಟು ಕುಂದಿ ಮರಳಿದುವೆಂದು ಲೆಕ್ಕಹಾಕಿದರೆ, ಎರಡು ಬಗೆಯ ಹಿಮೋಗ್ಲೋಬಿನ್ನಿನ ಏರಿಳಿತವೂ ತಿಳಿಯುತ್ತದೆ. 1993ರ ವೇಳೆಗೆ ಜಪಾನ್, ಜರ್ಮನಿ, ಅಮೆರಿಕಗಳಲ್ಲಿ ಬೇರೆಬೇರೆ ಶೋಧಕರು ಆಲೋಚನಾನಿರತವಾದ ಮನುಷ್ಯನ ಮಿದುಳಿನಲ್ಲಿ ಈ ಏರಿಳಿತವನ್ನು ಕಂಡರು.

ಉಪಕರಣವನ್ನು ಹತ್ತಿರದಿಂದ ನೋಡಿದರೆ ಇಷ್ಟೇ: ಹಣೆಗೆ ಕಟ್ಟುವ ಒಂದು ಪಟ್ಟಿ, ಪಟ್ಟಿಯಲ್ಲಿ ಪುಟ್ಟಪುಟ್ಟ ಬೆಳಕಿನ ಮೂಲಗಳು, ಒಂದೊಂದರಿಂದ ಸುಮಾರು ಮೂರು ಸೆಂಟಿಮೀಟರ್ ದೂರದಲ್ಲಿ ಬೆಳಕನ್ನು ಗ್ರಹಿಸುವ ಬಿಲ್ಲೆಗಳು. ಒಳಹೊಕ್ಕ ಬೆಳಕು ನೆಟ್ಟನೆ ಹೋಗುವುದಿಲ್ಲ. ಅಂಗಾಂಶದಲ್ಲಿ ಎತ್ತೆತ್ತಲೋ ಚದುರಿ, ಅದರ ಅತ್ಯಲ್ಪ ಅಂಶವೊಂದು ಬಾಳೆಹಣ್ಣಿನಂತೆ ಬಾಗಿದ ಹಾದಿಯಲ್ಲಿ ಮಿದುಳಿನ ಹೊರಪದರವನ್ನು ಸೋಕಿ ಹಿಂದಿರುಗುತ್ತದೆ. ಚದುರಿದ ಬೆಳಕಿನಿಂದ ಒಳಗಿನ ಚಿತ್ರವನ್ನು ಮರಳಿ ಕಟ್ಟುವುದು ಕಠಿನವಾದ ಗಣಿತ. ಬೆಳಕಿನ ಚದುರುವಿಕೆಯನ್ನೇ ತಪಸ್ಸಾಗಿ ಮಾಡಿಕೊಂಡಿದ್ದ ಸರ್ ಸಿ. ವಿ. ರಾಮನ್ನರು 1933ರಲ್ಲಿ ನಿರ್ದೇಶಕರಾಗಿ ಬಂದ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಮುಂದಿನ ತಲೆಮಾರಿನ ಆರ್. ಎಂ. ವಾಸು, ಫಣೀಂದ್ರ ಯಲವರ್ತಿ ಮುಂತಾದವರು ಅಂಗಾಂಶಗಳೊಳಗೆ ಹರಡಿದ ಬೆಳಕಿನಿಂದ ಚಿತ್ರವನ್ನು ಪಡೆಯುವ ಈ ಗಣಿತವನ್ನು ಬೆಳೆಸಿದವರಲ್ಲಿ ಸೇರಿದ್ದಾರೆಂಬುದು ಬೆಂಗಳೂರಿನವರು ಹೆಮ್ಮೆಪಡಬೇಕಾದ ಮಾತು.

ಮಿದುಳನ್ನು ಚಿತ್ರಿಸುವ ಕಾಂತೀಯ ಅನುರಣನದ ಮಹಾಯಂತ್ರ ಈ ಬೆಳಕಿನ ಪಟ್ಟಿಗಿಂತ ಸೂಕ್ಷ್ಮವಾಗಿ, ಆಳವಾಗಿ ನೋಡಬಲ್ಲುದು, ನಿಜ. ಆದರೆ ಅದರ ಸುರಂಗದಲ್ಲಿ ಅಲುಗಾಡದೆ ಮಲಗಬೇಕು, ಅಬ್ಬರವನ್ನು ಸಹಿಸಬೇಕು. ಬೆಳಕಿನ ಪಟ್ಟಿಯನ್ನು ಕಟ್ಟಿಕೊಂಡವರು ಕುರ್ಚಿಯಲ್ಲಿ ಕುಳಿತು ಲೆಕ್ಕಮಾಡಬಹುದು, ಮಾತಾಡಬಹುದು. ಕೂಸು ತಾಯಿಯ ತೊಡೆಯ ಮೇಲಿರಬಹುದು. ಹೀಗೆ ಕುಳಿತವರಿಗೆ ಅಕ್ಷರಗಳ ಪರೀಕ್ಷೆಯನ್ನು ಕೊಟ್ಟಾಗ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೊರೆ ಏರಿದಂತೆ, ಹಣೆಯ ಹಿಂದಿನ ಆಮ್ಲಜನಕಯುಕ್ತ ರಕ್ತವನ್ನು ಅಳತೆಯ ನಕ್ಷೆಯಲ್ಲಿ ತೋರಿಸುವ ಗೆರೆ ಸಾಮಾನ್ಯವಾಗಿ ಏರುವುದನ್ನು ಅನೇಕ ಪ್ರಯೋಗಗಳು ಕಂಡಿವೆ. ಏರಿಕೆ ತತ್‌ಕ್ಷಣ ಬರುವುದಿಲ್ಲ; ಆಲೋಚನೆ ತೊಡಗಿದ ಐದಾರು ಸೆಕೆಂಡುಗಳ ಮೇಲೆ ರಕ್ತ ತುಂಬಿ ಬರುತ್ತದೆ. ಹೊರೆ ಶಕ್ತಿಯನ್ನು ಮೀರಿದರೆ, ಮನುಷ್ಯ ಕೈಚೆಲ್ಲಿದಾಗ, ಗೆರೆಯೂ ಕುಗ್ಗುವುದುಂಟು. ವಯಸ್ಸಾದವರಲ್ಲಿ ಹಗುರವಾದ ಕೆಲಸಕ್ಕೇ ಎರಡೂ ಪಕ್ಕದ ಮಿದುಳು ದುಡಿಯತೊಡಗುವುದುಂಟು. ಅಭ್ಯಾಸ ಕೂಡಿದಂತೆ ಅದೇ ಕೆಲಸಕ್ಕೆ ಏರಿಕೆ ತಗ್ಗುವುದೂ ಉಂಟು.

ಈ ಕಡೆಯ ಮಾತುಗಳನ್ನು ತಾವು ಮನಸ್ಸಿನಲ್ಲಿ ಹಿಡಿಯಬೇಕೆಂದು ಕೋರುತ್ತೇನೆ. ನನ್ನ ಭಾಷಣದ ತಿರುಳೆಲ್ಲ ಅಲ್ಲಿದೆ. ಗೆರೆ ತಗ್ಗಿರುವುದು ನಿಪುಣನಲ್ಲಿಯೂ ಸಾಧ್ಯ, ಕೈಚೆಲ್ಲಿದವನಲ್ಲಿಯೂ ಸಾಧ್ಯ. ಗೆರೆ ಏರಿರುವುದು ಉತ್ಸಾಹಿಯಲ್ಲಿಯೂ ಸಾಧ್ಯ, ತಿಣುಕುತ್ತಿರುವವನಲ್ಲಿಯೂ ಸಾಧ್ಯ. ಅಂದರೆ ಈ ಬೆಳಕು ಅಳೆಯುವುದು ದುಡಿಮೆಯನ್ನು, ಯೋಗ್ಯತೆಯನ್ನಲ್ಲ. ಅದೂ ದುಡಿಮೆಯನ್ನು ನೇರವಾಗಿ ಅಲ್ಲ, ದುಡಿಮೆಗಾಗಿ ಹರಿದುಬಂದ ರಕ್ತದ ಮೂಲಕ. ಆಲೋಚನೆಯ ಒಳಗೇನಿದೆಯೆಂಬುದು ಅದಕ್ಕೆ ಕಾಣುವುದೇ ಇಲ್ಲ. ಅವಧಾನಿ ವೃತ್ತವನ್ನು ಕಟ್ಟುತ್ತಿದ್ದಾನೆಯೇ, ಗೃಹಿಣಿ ಚೀಟಿಯ ಕಂತನ್ನು ಕೂಡುತ್ತಿದ್ದಾಳೆಯೇ ಎಂಬುದನ್ನು ಬಿಲ್ಲೆ ಅರಿಯದು.

ಅಳತೆಯೂ ನಿಷ್ಕಳಂಕವಲ್ಲ. ಬೆಳಕು ಹೋಗುವಾಗಲೂ ಬರುವಾಗಲೂ ನೆತ್ತಿಯ ಹಾಗೂ ಹಣೆಯ ಚರ್ಮವನ್ನು ದಾಟಬೇಕು. ಗಾಬರಿಯಿಂದ ಮುಖ ಕೆಂಪೇರಿದರೂ, ಉಸಿರು ಬಿಗಿಹಿಡಿದರೂ, ಎದೆಬಡಿತ ಏರಿದರೂ ಗೆರೆ ಅಲುಗುವುದು. ಅದಕ್ಕಾಗಿ ಚರ್ಮದ ರಕ್ತವನ್ನಷ್ಟೇ ನೋಡುವ ಹತ್ತಿರದ ಬಿಲ್ಲೆಯೊಂದನ್ನು ಬೇರೆಯಾಗಿ ಇಟ್ಟು, ಅದರ ಪಾಲನ್ನು ಕಳೆಯುತ್ತಾರೆ. ಹಣೆಯ ಕುಂಕುಮ, ವಿಭೂತಿ, ಗಂಧಗಳನ್ನು ಒರೆಸದೆ ಪಟ್ಟಿ ಕಟ್ಟುವಂತಿಲ್ಲ. ದಟ್ಟವಾದ ಕಪ್ಪು ಕೂದಲು ಬೆಳಕನ್ನು ಹೀರಿಬಿಡುವುದರಿಂದ, ನಮ್ಮ ಹೆಣ್ಣುಮಕ್ಕಳ ಎಣ್ಣೆಹಚ್ಚಿ ಬಿಗಿದ ಜಡೆಯ ಕೆಳಗೆ ಅಳೆಯುವುದು ತ್ರಾಸದ ಕೆಲಸ. ಹಣೆಗೆ ಕೂದಲಿಲ್ಲವೆಂಬುದೇ ಕಾರ್ಯಸ್ಮೃತಿಯ ಶೋಧಕರ ಭಾಗ್ಯ. ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕೊರೋನಾ ಕಾಲದಲ್ಲಿ ಮನೆಮನೆಯವರೂ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರಿನದೂ ಇದೇ ತತ್ತ್ವ. ಆ ಸಾಧನ ಕರಿಯ ಚರ್ಮದವರಲ್ಲಿ ಆಮ್ಲಜನಕದ ಅಪಾಯಕರ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಾಣದೆ ಹೋಗುತ್ತದೆಂದು ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಂದ 2020ರಲ್ಲಿ ತಿಳಿದುಬಂದಿತು. ಒಂದು ಬಣ್ಣದ ಜನರ ಮೇಲೆ ಅಣಿಗೊಳಿಸಿದ ಯಂತ್ರವನ್ನು ಮತ್ತೊಂದು ಬಣ್ಣದವರ ಹಣೆಗೆ ಕಟ್ಟುವ ಮುನ್ನ ಇಲ್ಲಿಯೇ, ಇಲ್ಲಿಯವರ ಮೇಲೆ ಅದನ್ನು ಒರೆಗೆ ಹಚ್ಚಬೇಕು.

ಯಂತ್ರಕ್ಕೆ ಹೇಳಿದ ಮಾತು ಪರೀಕ್ಷೆಗೂ ಸಲ್ಲುತ್ತದೆ. ಕ್ಷಣಿಕ ಸ್ಮೃತಿಯಲ್ಲಿ ಎಷ್ಟು ಅಂಕಿ ನಿಲ್ಲುವುವೆಂಬುದು ಆ ಅಂಕಿಗಳ ಹೆಸರನ್ನು ಉಚ್ಚರಿಸಲು ಹಿಡಿಯುವ ಕಾಲವನ್ನೂ ಅವಲಂಬಿಸಿದೆ. ಬ್ರಿಟನ್ನಿನ ವೆಲ್ಷ್ ಭಾಷಿಕ ಮಕ್ಕಳ ಅಂಕಿಸ್ಮೃತಿ ಕಡಮೆಯೆಂದು ಎಣಿಸಲಾಗಿತ್ತು. ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಕಾಲ ಬೇಕಾಗುವುದೇ ಅದಕ್ಕೆ ಕಾರಣವೆಂದು 1980ರಲ್ಲಿ ಎಲ್ಲಿಸ್ ಮತ್ತು ಹೆನೆಲಿ ತೋರಿಸಿದರು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವ ನಮ್ಮ ಮಗುವಿನ ಬಾಯಲ್ಲಿ ಒಂದು ಅಕ್ಷರಕ್ಕೆ ಮುಗಿಯುವ ಅಂಕಿಯೇ ಇಲ್ಲ. ಇಂಗ್ಲಿಷಿನಲ್ಲಾದರೋ ಒಂದರಿಂದ ಒಂಬತ್ತರವರೆಗೆ ಏಳನ್ನುಳಿದು ಎಲ್ಲವೂ ಒಂದೇ ಉಸಿರಿನ ತುಣುಕು. ಆದುದರಿಂದ ಇಂಗ್ಲಿಷ್ ಮಕ್ಕಳ ಅಳತೆಗೋಲನ್ನು ಹಾಗೆಯೇ ತಂದು ಕನ್ನಡದ ಮಗುವಿನ ಪಕ್ಕದಲ್ಲಿ ನಿಲ್ಲಿಸಿ, ಮಗು ಗಿಡ್ಡವೆನ್ನುವುದು ಶಾಸ್ತ್ರವಲ್ಲ.

ಇಷ್ಟೊಂದು ಎಚ್ಚರಿಕೆಯನ್ನು ಹೇಳಿದ್ದು ಈ ವಿದ್ಯೆಯನ್ನು ಹಳಿಯಲೆಂದಲ್ಲ. ಮಲಗಲಾರದ ರೋಗಿಯ, ಮಾತು ಬಾರದ ಶಿಶುವಿನ ಮಿದುಳನ್ನು ಮೃದುವಾಗಿ ವಿಚಾರಿಸಬಲ್ಲ ಸಾಧನ ಇದು; ನೋವಿಲ್ಲ, ಸೂಜಿಯಿಲ್ಲ, ಕ್ಷಕಿರಣದ ಅಪಾಯವಿಲ್ಲ. ಜಪಾನಿನಲ್ಲಿ ಖಿನ್ನತೆಯ ರೋಗನಿರ್ಣಯಕ್ಕೆ ಪೂರಕವಾಗಿ ಇದನ್ನು 2014ರಿಂದ ಸರಕಾರದ ಆರೋಗ್ಯವಿಮೆಗೂ ಸೇರಿಸಿಕೊಂಡಿದ್ದಾರೆ. ಅಲ್ಲಿಯೂ ಅದು ವೈದ್ಯನ ವಿವೇಚನೆಗೆ ನೆರವೇ ಹೊರತು ಅದಕ್ಕೆ ಬದಲಿಯಲ್ಲ. ಹಲವು ಜನರ ಗೆರೆಗಳನ್ನು ಕೂಡಿಸಿ ಸರಾಸರಿ ತೆಗೆದಾಗ ಹೊಳೆಯುವ ಸತ್ಯ ಒಬ್ಬನೇ ಒಬ್ಬನ ಗೆರೆಯಲ್ಲಿ ಮಸುಕಾಗಿರುತ್ತದೆಂಬುದನ್ನು ಈ ಕ್ಷೇತ್ರದಲ್ಲಿ ದುಡಿಯುವವರೇ ಮೊದಲು ಒಪ್ಪುತ್ತಾರೆ. ಒಪ್ಪದವರು ಮಾರುವವರು. ಮಗುವಿನ ಮಿದುಳನ್ನು ಅಳೆದು ಭವಿಷ್ಯ ಹೇಳುತ್ತೇವೆ, ಏಕಾಗ್ರತೆಯನ್ನು ಪಟ್ಟಿ ಕಟ್ಟಿ ಹೆಚ್ಚಿಸುತ್ತೇವೆ ಎಂಬ ಫಲಕಗಳು ನಮ್ಮ ಬಡಾವಣೆಗಳ ಟ್ಯೂಷನ್ ಮನೆಗಳ ನಡುವೆ ತಲೆಯೆತ್ತುವ ಕಾಲ ಇದು.

ಅಳತೆಗೆ ಒಳಗಾಗುವವರ ಸಮ್ಮತಿಯ ಮಾತನ್ನೂ ಹೇಳಿಬಿಡುತ್ತೇನೆ. ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಹಿಡಿದು ಆರೋಪಿಯ ನೆನಪನ್ನು ಹೊರಗೆಳೆಯುವೆವೆಂಬ ಪರೀಕ್ಷೆಗಳನ್ನು ನಮ್ಮ ದೇಶದ ಪೋಲೀಸರು ಕೆಲಕಾಲ ಬಳಸಿದರು. ‘ಸೆಲ್ವಿ ಮತ್ತಿತರರು ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆಗೆ ಅವನನ್ನು ಒಳಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಅಲೆಯ ಬದಲು ಬೆಳಕು ಬಂದ ಮಾತ್ರಕ್ಕೆ ಆ ನ್ಯಾಯದ ಹುರುಳು ಮಾರ್ಪಡದು. ಠಾಣೆಯಲ್ಲಿ ಆರೋಪಿಗೆ ಸಲ್ಲುವ ಈ ಮರ್ಯಾದೆ ಶಾಲೆಯಲ್ಲಿ ಮಗುವಿಗೂ ಕಾರ್ಖಾನೆಯಲ್ಲಿ ಕಾರ್ಮಿಕನಿಗೂ ಸಲ್ಲಬೇಕು.

ಆದುದರಿಂದ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ತಮ್ಮ ಮಗುವಿನ ಹಣೆಗೆ ಬೆಳಕಿನ ಪಟ್ಟಿಯನ್ನು ಕಟ್ಟುತ್ತೇವೆಂದು ಯಾರಾದರೂ ಬಂದರೆ, ಬಂದವರು ಸಂಶೋಧಕರೋ ವ್ಯಾಪಾರಿಗಳೋ ಮೊದಲು ವಿಚಾರಿಸಿ. ಸಂಶೋಧಕರಾಗಿ, ನೀತಿಸಮಿತಿಯ ಅನುಮತಿಯನ್ನು ತೋರಿಸಿ, ಪರೀಕ್ಷೆ ಯಾವ ಭಾಷೆಯಲ್ಲಿ, ಯಾವ ಉದ್ದೇಶಕ್ಕೆ ಎಂಬುದನ್ನು ತಮಗೆ ಅರ್ಥವಾಗುವ ಕನ್ನಡದಲ್ಲಿ ತಿಳಿಸಿದರೆ ಸಂತೋಷದಿಂದ ಒಪ್ಪಿ. ಕನ್ನಡದ ಮಕ್ಕಳ ಅಳತೆಗೋಲು ಹುಟ್ಟುವುದು ಅಂಥ ಒಪ್ಪಿಗೆಯಿಂದಲೇ. ಹಣ ಕೇಳಿ, ನಿಮ್ಮ ಮಗು ಬುದ್ಧಿವಂತವೋ ದಡ್ಡವೋ ಹೇಳುತ್ತೇವೆಂದರೆ ಬಾಗಿಲಿನಿಂದಲೇ ಕೈಮುಗಿದು ಕಳುಹಿಸಿಬಿಡಿ. ಮಗು ಎಷ್ಟು ಶ್ರಮಪಡುತ್ತಿದೆಯೆಂಬುದನ್ನು ಯಂತ್ರ ತೋರಿಸಬಹುದು. ಅದರ ಯೋಗ್ಯತೆ ಇಷ್ಟೇ ಎಂದು ಹೇಳುವ ಅಧಿಕಾರ ಆ ಯಂತ್ರಕ್ಕಿಲ್ಲ.